ನೆಗೆಟಿವ್ ಯಾರ ಕೈಯಲ್ಲಿದೆ?

ಸಿನಿಮಾ ಮುಗಿದು ಹೆಸರುಗಳ ಮೆರವಣಿಗೆ ಶುರುವಾದ ಮೇಲೂ ಸೀಟು ಬಿಟ್ಟು ಏಳದವರ ಪೈಕಿ ನಾನು. ಲೈಟ್‌ಬಾಯ್‌ಗಳು, ಡ್ರೈವರ್‌ಗಳು, ಅಡುಗೆಯವರು ಎಲ್ಲರೂ ದಾಟಿಹೋಗಿ, ಗುಡಿಸುವವರು ಪೊರಕೆ ಹಿಡಿದು ಒಳಗೆ ಬರುವ ಹೊತ್ತಿಗೆ ಕಾಪಿರೈಟ್ ಯಾರದು ಎಂಬ ಸಣ್ಣಕ್ಷರದ ಸಾಲು ಕಾಣಿಸುತ್ತದೆ. ನಟರು ಯಾರು, ನಿರ್ದೇಶಕರು ಯಾರು ಎಂಬುದನ್ನು ಪೋಸ್ಟರೇ ಹೇಳುತ್ತದೆ. ಮನೆಯ ಪತ್ರ ಯಾರ ಹೆಸರಿನಲ್ಲಿದೆ ಎಂದು ತಿಳಿಯುವುದು ಮಾತ್ರ ಇಲ್ಲಿ. ನಮ್ಮ ಗಾಂಧಿನಗರದಲ್ಲಿ ನೆಗೆಟಿವ್ ರೈಟ್ಸ್ ಅನ್ನುವುದು ಇದಕ್ಕೇ.

ಕಪ್ಪುವರ್ಣೀಯ ನಿರ್ದೇಶಕ ರಯಾನ್ ಕೂಗ್ಲರ್ ಅವರ ‘ಸಿನ್ನರ್ಸ್’ 2025ರ ಏಪ್ರಿಲ್‌ನಲ್ಲಿ ತೆರೆಗೆ ಬಂದಾಗ ಆ ಸಾಲಿನ ಬಗ್ಗೆ ಹಾಲಿವುಡ್ಡಿನಲ್ಲಿ ಗುಲ್ಲೆದ್ದಿತು. ಕೂಗ್ಲರ್ ವಾರ್ನರ್ ಬ್ರದರ್ಸ್ ಜೊತೆ ಮಾಡಿಕೊಂಡ ಕರಾರಿನಲ್ಲಿ ಮೂರು ಷರತ್ತುಗಳಿದ್ದವು. ಅಂತಿಮ ಸಂಕಲನ ಅವರ ಮಾತಿನಂತೆ ಆಗಬೇಕು. ಲಾಭದ ಲೆಕ್ಕ ಹಾಕುವವರೆಗೆ ಕಾಯದೆ, ಗಳಿಕೆಯ ಮೊದಲ ಡಾಲರಿನಿಂದಲೇ ಅವರಿಗೆ ಪಾಲು ಬರಬೇಕು. 25 ವರ್ಷ ಕಳೆದ ಮೇಲೆ ಸಿನಿಮಾದ ಹಕ್ಕು ಅವರಿಗೇ ಮರಳಬೇಕು. ಮೊದಲಿನ ಎರಡು ಷರತ್ತು ದೊಡ್ಡ ನಿರ್ದೇಶಕರಿಗೆ ಆಗಾಗ ಸಿಕ್ಕಿವೆ. ಉರಿ ಎಬ್ಬಿಸಿದ್ದು ಮೂರನೆಯದು. ಸ್ಟುಡಿಯೊ ವ್ಯವಸ್ಥೆಯೇ ಮುಳುಗಿಹೋಗುತ್ತದೆ ಎಂದು ಹೆಸರು ಹೇಳಲೊಲ್ಲದ ಅಧಿಕಾರಿಗಳು ಪತ್ರಿಕೆಗಳ ಮುಂದೆ ಗೋಳಾಡಿದರು. 2019ರಲ್ಲಿ ತೆರೆಕಂಡ ಚಿತ್ರವೊಂದಕ್ಕೆ ಸೋನಿ ಕಂಪನಿ ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊಗೆ ಇಂಥದೇ ಹಕ್ಕು ಬಿಟ್ಟುಕೊಟ್ಟಾಗ ಇಷ್ಟು ಗೋಳು ಕೇಳಿಸಿರಲಿಲ್ಲ. ಯಾಕೆಂದು ಓದುಗರೇ ಊಹಿಸಿಕೊಳ್ಳಲಿ.

ಅಮೆರಿಕದ ಕಾನೂನಿನಲ್ಲಿ, ಕೂಲಿ ಕೊಟ್ಟು ಮಾಡಿಸಿದ ಕೃತಿಗೆ ಮಾಡಿಸಿದ ಕಂಪನಿಯೇ ಕರ್ತೃ. ಹಾಗೆ ತಯಾರಾದ ಸಿನಿಮಾದ ಹಕ್ಕು ಬಿಡುಗಡೆಯಾದ ವರ್ಷದಿಂದ 95 ವರ್ಷ ಬಾಳುತ್ತದೆ. ‘ಸಿನ್ನರ್ಸ್’ ಲೆಕ್ಕದಲ್ಲಿ ಅದು 2120. ಅಂದರೆ 2050ರಲ್ಲಿ ಸ್ಟುಡಿಯೊ ಕೈಬಿಟ್ಟ ಮೇಲೂ ಎಪ್ಪತ್ತು ವರ್ಷದ ಬಾಡಿಗೆ ಕೂಗ್ಲರ್ ಮನೆಯವರದು. ಸುಮಾರು ಒಂಬತ್ತು ಕೋಟಿ ಡಾಲರ್ ವೆಚ್ಚದ ಈ ಚಿತ್ರ ಪ್ರಪಂಚದಾದ್ಯಂತ 36 ಕೋಟಿಗೂ ಹೆಚ್ಚು ಗಳಿಸಿತು. ಮುಳುಗುತ್ತದೆ ಎಂದಿದ್ದ ಸ್ಟುಡಿಯೊ ಇನ್ನೂ ತೇಲುತ್ತಿದೆ.

ಇದನ್ನು ಬರೀ ವ್ಯವಹಾರದ ಜಾಣತನ ಅಂದುಕೊಂಡರೆ ಸಿನಿಮಾದ ಸೊಗಸು ಕೈತಪ್ಪುತ್ತದೆ. ಕಥೆ ನಡೆಯುವುದು 1932ರ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ. ಶಿಕಾಗೊದಿಂದ ದುಡ್ಡಿನೊಂದಿಗೆ ಹಿಂದಿರುಗಿದ ಅವಳಿ ಸೋದರರು ಒಬ್ಬ ಬಿಳಿಯನಿಂದ ಹಳೆಯ ಮರದ ಮಿಲ್ಲನ್ನು ಕೊಂಡು, ಅಲ್ಲಿ ಕಪ್ಪು ಜನರಿಗಾಗಿ ಕುಡಿತ, ಕುಣಿತ, ಬ್ಲೂಸ್ ಸಂಗೀತದ ಅಡ್ಡೆ ತೆರೆಯುತ್ತಾರೆ. ಆ ರಾತ್ರಿಯೇ ರಕ್ತಪಿಶಾಚಿಗಳು ಬಾಗಿಲಿಗೆ ಬಂದು, ಒಳಗೆ ಕರೆಯಿರಿ ಎಂದು ಅಂಗಲಾಚುತ್ತವೆ. ಅವುಗಳಿಗೆ ಬೇಕಾಗಿದ್ದು ರಕ್ತ ಮಾತ್ರವಲ್ಲ, ಗಿಟಾರ್ ಹಿಡಿದ ಹುಡುಗನ ಹಾಡೂ ಬೇಕು. ಬ್ಲೂಸ್ ಹಾಡಿದವರಲ್ಲಿ ಎಷ್ಟೋ ಮಂದಿ ಕೆಲವೇ ಡಾಲರಿಗೆ ಹಾಡು ಮಾರಿಕೊಂಡು ರೆಕಾರ್ಡ್ ಕಂಪನಿಗಳನ್ನು ಸಾಕಿದವರು. ಸ್ವಂತ ಜಾಗ ಕಟ್ಟಿಕೊಳ್ಳುವವರ ಕಥೆ ಹೇಳುವ ಚಿತ್ರ ತನ್ನದೇ ಆಗಿರಬೇಕೆಂದು ಕೂಗ್ಲರ್ ಪಟ್ಟುಹಿಡಿದಿದ್ದು ಈ ಕಾರಣಕ್ಕೆ. ಅವರೇ ಹಾಗೆಂದು ಹೇಳಿಕೊಂಡಿದ್ದಾರೆ. ಚಿತ್ರದ ಮಧ್ಯದಲ್ಲಿ ಬರುವ ಆ ಹುಡುಗನ ಹಾಡಿನ ದೃಶ್ಯವನ್ನು ದೊಡ್ಡ ಪರದೆಯಲ್ಲಿ ನೋಡದವರ ಬಗ್ಗೆ ನನಗೆ ಮರುಕವಿದೆ.

ಈ ಹಟಕ್ಕೆ ನೂರು ವರ್ಷ ದಾಟಿದೆ. ಆಸ್ಕರ್ ಮಿಶೋ 1884ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದವರು. ಪುಲ್‌ಮನ್ ರೈಲುಗಳಲ್ಲಿ ಪೋರ್ಟರ್ ಆಗಿ ದುಡಿದು, ಸೌತ್ ಡಕೋಟಾದಲ್ಲಿ ನೆಲ ಹಿಡಿದು ಉತ್ತು, ಆ ಅನುಭವವನ್ನೇ ಕಾದಂಬರಿಯಾಗಿಸಿ ಮನೆಮನೆಗೆ ಹೊತ್ತು ಮಾರಿದರು. ಕಪ್ಪುವರ್ಣೀಯರೇ ನಡೆಸುತ್ತಿದ್ದ ಲಿಂಕನ್ ಮೋಷನ್ ಪಿಕ್ಚರ್ ಕಂಪನಿ ‘ದ ಹೋಮ್‌ಸ್ಟೆಡರ್’ ಕಾದಂಬರಿಯ ಹಕ್ಕು ಕೇಳಿತು. ನಿರ್ದೇಶನವೂ ನನ್ನದೇ ಎಂದರು ಮಿಶೋ. ಮಾತು ಮುರಿಯಿತು. ಆಗ ಅವರು ಸೂ ಸಿಟಿ ಸುತ್ತಮುತ್ತಲಿನ ರೈತರಿಗೆ, ಅದೂ ಬಿಳಿಯ ರೈತರಿಗೆ, ತಮ್ಮದೇ ಕಂಪನಿಯ ಷೇರು ಮಾರಿದರು. ಪುಸ್ತಕ ಕೊಂಡಿದ್ದ ಜನ ಷೇರನ್ನೂ ಕೊಂಡರು. 1919ರಲ್ಲಿ ಶಿಕಾಗೊದಲ್ಲಿ ತೆರೆಕಂಡ ಆ ಚಿತ್ರ, ಕಪ್ಪುವರ್ಣೀಯನೊಬ್ಬ ತಯಾರಿಸಿ ನಿರ್ದೇಶಿಸಿದ ಮೊದಲ ಪೂರ್ಣಾವಧಿ ಕಥಾಚಿತ್ರ.

ಮಿಶೋ ಅವರ ವ್ಯಾಪಾರದ ಬಗೆಯೇ ಒಂದು ಸಿನಿಮಾ ಆಗಬಹುದು. ಮುಂದಿನ ಚಿತ್ರದ ಫೋಟೊಗಳನ್ನು ಹಿಡಿದು ಊರೂರು ತಿರುಗಿ, ಥಿಯೇಟರ್ ಮ್ಯಾನೇಜರುಗಳ ಹತ್ತಿರ ಅಡ್ವಾನ್ಸ್ ಪಡೆದು, ಆ ದುಡ್ಡಿನಲ್ಲಿ ಶೂಟಿಂಗ್ ಮುಗಿಸಿ, ಡಬ್ಬಗಳನ್ನು ತಾವೇ ಹೊತ್ತು ಹಂಚುತ್ತಿದ್ದರು. ಹೀಗೆ ನಲವತ್ತಕ್ಕೂ ಹೆಚ್ಚು ಚಿತ್ರ! ಗಾಯಕ, ನಟ ಪಾಲ್ ರೋಬ್ಸನ್ ಮೊದಲು ತೆರೆಯ ಮೇಲೆ ಬಂದದ್ದು ಮಿಶೋ ಅವರ ‘ಬಾಡಿ ಅಂಡ್ ಸೋಲ್’ (1925) ಚಿತ್ರದಲ್ಲಿ. ಆದರೆ ಸಿನಿಮಾ ನಿಮ್ಮದಾದರೂ ಟಾಕೀಸು ಬೇರೆಯವರದಾದರೆ? ಕಪ್ಪು ಜನರ ಬಡಾವಣೆಗಳಲ್ಲಿದ್ದ ಚಿತ್ರಮಂದಿರಗಳೂ ಬಹುಪಾಲು ಬಿಳಿಯರ ಒಡೆತನದಲ್ಲಿದ್ದವು. 1928ರಲ್ಲಿ ಮಿಶೋ ದಿವಾಳಿಯಾದರು. 1931ರ ಅವರ ಮೊದಲ ಪೂರ್ಣ ಟಾಕಿ ‘ದಿ ಎಕ್ಸೈಲ್’ ತಯಾರಾಗಿದ್ದು ಹಾರ್ಲೆಮ್‌ನ ಬಿಳಿಯ ಥಿಯೇಟರ್ ಮಾಲೀಕರ ಬಂಡವಾಳದಲ್ಲಿ. ಒಡೆತನದ ಮತ್ತೊಂದು ಕಹಿಯನ್ನು ಅವರು ನೋಡಲಿಲ್ಲ. ದೊಡ್ಡ ಸ್ಟುಡಿಯೊಗಳಿಗೆ ಕೆಲವನ್ನಾದರೂ ಕಾಪಾಡುವ ಉಗ್ರಾಣಗಳಿದ್ದವು. ಮಿಶೋಗೆ ಇರಲಿಲ್ಲ. ಅವರ ಮೂಕಿ ಚಿತ್ರಗಳಲ್ಲಿ ಉಳಿದಿರುವುದು ಮೂರೇ.

ಕಪ್ಪುವರ್ಣೀಯ ನಿರ್ದೇಶಕ ಚಾರ್ಲ್ಸ್ ಬರ್ನೆಟ್ ಅವರದು ಬೇರೆ ಬಗೆಯ ಪೇಚು. 1970ರ ದಶಕದಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಹತ್ತು ಸಾವಿರ ಡಾಲರಿಗೂ ಕಡಿಮೆ ದುಡ್ಡಿನಲ್ಲಿ ‘ಕಿಲ್ಲರ್ ಆಫ್ ಶೀಪ್’ ತೆಗೆದರು. ಕಸಾಯಿಖಾನೆಯ ಕೂಲಿಕಾರನೊಬ್ಬನ ದಿನಚರಿ. ನನ್ನ ಮಟ್ಟಿಗೆ ಈ ಅಂಕಣದಲ್ಲಿ ಹೆಸರಿಸಿದ ಎಲ್ಲಕ್ಕಿಂತ ಶ್ರೇಷ್ಠ ಚಿತ್ರ. ಚಿತ್ರ ಪೂರ್ತಿ ಅವರದೇ. ಆದರೆ ಅದರೊಳಗಿನ ಹಾಡುಗಳು ಅವರವಲ್ಲ. ಸಂಗೀತದ ಹಕ್ಕು ಕೊಳ್ಳಲು ದುಡ್ಡಿಲ್ಲದೆ 2007ರವರೆಗೂ ಥಿಯೇಟರ್ ಬಿಡುಗಡೆ ಕಾಣಲಿಲ್ಲ. ಅಷ್ಟರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿ ಹದಿನೇಳು ವರ್ಷವಾಗಿತ್ತು!

ಈಗ ಟೈಲರ್ ಪೆರಿ. ಇವರ ಚಿತ್ರಗಳು ನನಗೆ ರುಚಿಸುವುದಿಲ್ಲ. ಅಜ್ಜಿಯ ವೇಷ ಹಾಕಿ ಕೂಗಾಡುವ ಮೆಡಿಯಾ ಪಾತ್ರವನ್ನು ಅರ್ಧ ಗಂಟೆ ಸಹಿಸುವುದೂ ಕಷ್ಟ. ಕಪ್ಪು ಜನರನ್ನು ಕೋಡಂಗಿಗಳನ್ನಾಗಿ ಮಾಡುತ್ತಿದ್ದಾರೆಂದು ನಿರ್ದೇಶಕ ಸ್ಪೈಕ್ ಲೀ 2009ರಲ್ಲಿ ಬಹಿರಂಗವಾಗಿಯೇ ಝಾಡಿಸಿದ್ದರು. ಆದರೂ ಲೆಕ್ಕದ ಪುಸ್ತಕದಲ್ಲಿ ಪೆರಿಯನ್ನು ಮೀರಿಸಿದವರಿಲ್ಲ. ‘ಹೌಸ್ ಆಫ್ ಪೇಯ್ನ್’ ಧಾರಾವಾಹಿಯ ಮೊದಲ ಹತ್ತು ಕಂತುಗಳನ್ನು ಸ್ವಂತ ಖರ್ಚಿನಲ್ಲಿ ತೆಗೆದು, ಜನ ನೋಡುತ್ತಾರೆಂದು ತೋರಿಸಿದ ಮೇಲೆ ಟಿಬಿಎಸ್ ವಾಹಿನಿಯಿಂದ ನೂರು ಕಂತುಗಳ ಆರ್ಡರ್ ಪಡೆದರು. 2015ರಲ್ಲಿ ಅಟ್ಲಾಂಟಾದ ಫೋರ್ಟ್ ಮೆಕ್‌ಫರ್ಸನ್ ಎಂಬ ಹಳೆಯ ಸೇನಾನೆಲೆಯ 330 ಎಕರೆ ಕೊಂಡರು. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ಸೈನಿಕರು ಒಂದು ಕಾಲಕ್ಕೆ ಬೀಡುಬಿಟ್ಟಿದ್ದ ನೆಲ ಅದು. 2019ರಲ್ಲಿ ಅದ್ದೂರಿಯಾಗಿ ಉದ್ಘಾಟನೆಯಾದ ಅಲ್ಲಿನ ಹನ್ನೆರಡು ಶೂಟಿಂಗ್ ಫ್ಲೋರ್‌ಗಳಿಗೆ ಕಪ್ಪುವರ್ಣೀಯ ಕಲಾವಿದರ ಹೆಸರಿಟ್ಟಿದ್ದಾರೆ. ಅವುಗಳಲ್ಲಿ ಒಂದಕ್ಕೆ ಸ್ಪೈಕ್ ಲೀ ಹೆಸರು. ಬೈದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಗೊತ್ತಿಲ್ಲ.

ಕೂಗ್ಲರ್ ಅವರ ‘ಬ್ಲ್ಯಾಕ್ ಪ್ಯಾಂಥರ್’ (2018) ಚಿತ್ರೀಕರಣದ ಒಂದು ಭಾಗ ನಡೆದದ್ದು ಇದೇ ಸ್ಟುಡಿಯೊದಲ್ಲಿ. ಆ ಚಿತ್ರದ ಗಳಿಕೆ 130 ಕೋಟಿ ಡಾಲರ್ ದಾಟಿತು. ತೆರೆಯ ತುಂಬ ಕಪ್ಪು ಮುಖಗಳು, ನಿರ್ದೇಶಕನೂ ಕಪ್ಪುವರ್ಣೀಯ, ವಸ್ತ್ರವಿನ್ಯಾಸಕ್ಕೆ ರೂತ್ ಕಾರ್ಟರ್‌ಗೆ ಆಸ್ಕರ್. ಕೊನೆಯ ಸಾಲು ಮಾತ್ರ ಡಿಸ್ನಿಯ ಮಾರ್ವೆಲ್ ಕಂಪನಿಯದು. ಪ್ರಾತಿನಿಧ್ಯದ ಬಗ್ಗೆ ಆ ವರ್ಷ ಹರಿದ ಶಾಯಿಯಲ್ಲಿ ಈ ಸಾಲನ್ನು ಗಮನಿಸಿದವರು ಕಡಿಮೆ. ಕೂಗ್ಲರ್ ಗಮನಿಸಿದ್ದಿರಬೇಕು.

ಒಡೆತನ ಸಿಕ್ಕ ಮಾತ್ರಕ್ಕೆ ರುಚಿ ಬರುವುದಿಲ್ಲ. ಅದು ಕೈಯಲ್ಲೇ ಉಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ. ರಾಬರ್ಟ್ ಜಾನ್ಸನ್ 1980ರಲ್ಲಿ ಶುರುಮಾಡಿದ ಬ್ಲ್ಯಾಕ್ ಎಂಟರ್ಟೇನ್‌ಮೆಂಟ್ ಟೆಲಿವಿಷನ್ ಕಪ್ಪು ಜನರದೇ ವಾಹಿನಿ ಎಂದು ಹೆಸರಾಯಿತು. ಬರೀ ಮ್ಯೂಸಿಕ್ ವಿಡಿಯೊ ಬಿತ್ತರಿಸುತ್ತದೆ ಎಂದು ಬೈಸಿಕೊಂಡಿತು. 2000ದಲ್ಲಿ ಸುಮಾರು 300 ಕೋಟಿ ಡಾಲರಿಗೆ ವಯಾಕಾಮ್‌ಗೆ ಮಾರಾಟವಾಯಿತು. 2023ರಲ್ಲಿ ಅದರ ಬಹುಪಾಲು ಷೇರನ್ನು ಮಾರುವ ಮಾತು ಬಂದಾಗ ಕೊಳ್ಳಲು ಮುಂದೆ ಬಂದವರಲ್ಲಿ ಪೆರಿಯೂ ಒಬ್ಬರು. ವ್ಯಾಪಾರ ಕುದುರಲಿಲ್ಲ.

ಈ ವಾರ ಒಂದೇ ಚಿತ್ರ ನೋಡುವ ಪುರುಸೊತ್ತಿದ್ದರೆ ಮಿಶೋ ಅವರ ‘ವಿದಿನ್ ಅವರ್ ಗೇಟ್ಸ್’ (1920) ನೋಡಿ. ಕಪ್ಪು ಜನರನ್ನು ಗುಂಪುಗಟ್ಟಿ ಕೊಲ್ಲುತ್ತಿದ್ದ ಕ್ರೌರ್ಯವನ್ನು ನೇರವಾಗಿ ತೋರಿಸಿದ್ದಕ್ಕೆ, ಹಿಂದಿನ ವರ್ಷವಷ್ಟೇ ಜನಾಂಗೀಯ ಗಲಭೆ ಕಂಡಿದ್ದ ಶಿಕಾಗೊದ ಸೆನ್ಸಾರಿನವರು ಮೊದಲು ಅನುಮತಿ ನಿರಾಕರಿಸಿದ್ದರು. ದಶಕಗಳ ಕಾಲ ಕಳೆದೇಹೋಗಿದ್ದ ಇದರ ಒಂದು ಪ್ರತಿ ಸ್ಪೇನಿನ ಚಿತ್ರ ಸಂಗ್ರಹಾಲಯದಲ್ಲಿ ಸಿಕ್ಕಿ, ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ದುರಸ್ತಿ ಮಾಡಿತು. ಹಕ್ಕಿನ ಅವಧಿ ಮುಗಿದಿರುವುದರಿಂದ ಈಗ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಸುಮಾರು ಎಂಬತ್ತು ನಿಮಿಷ. ಮೊದಲರ್ಧದಲ್ಲಿ ಯಾರು ಯಾರ ಅಣ್ಣ, ಯಾರು ಯಾರ ಪ್ರಿಯಕರ ಎಂದು ತಲೆ ಗಿರ್ರೆನ್ನುತ್ತದೆ. ಸಹಿಸಿಕೊಳ್ಳಿ. ಗೇಣಿದಾರನ ಮನೆಯಲ್ಲಿ ಮಗಳು ಜಮೀನ್ದಾರನ ಲೆಕ್ಕ ಬರೆದಿಡುವ ದೃಶ್ಯ ಬರುವವರೆಗಾದರೂ ಏಳಬೇಡಿ.