ಮೊದಲು ಹಲ್ಲು, ಆಮೇಲೆ ನಡೆ

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕ್ ಕೊಳ್ಳುವ ಮಾತು ಬಂದರೆ ಸಾಕು, ಬಲ್ಲವರ ಬಾಯಲ್ಲೆಲ್ಲ ಒಂದೇ ಮಂತ್ರ: 'ಒಂದು ರೌಂಡ್ ಹೊಡೆದು ನೋಡು, ಗೊತ್ತಾಗುತ್ತೆ.' ಟೆಸ್ಟ್ ರೈಡಿಗೆ ಸಿಕ್ಕಿರುವ ಈ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ಗಂಟೆಗೆ 160 ಕಿ.ಮೀ. ದಾಟಬಲ್ಲ ಕೆಟಿಎಂ ಆರ್‌ಸಿ 390ಯಂಥ ಬೈಕನ್ನು ಬೆಂಗಳೂರಿನ ಯಾವುದೋ ಬಡಾವಣೆಯ ಹಿಂದಿನ ಕ್ರಾಸಿನಲ್ಲಿ, ನಾಲ್ಕು ಹಂಪ್ ಹತ್ತಿಳಿದು, ಮೂರನೇ ಗೇರಿಗೂ ಹೋಗದೆ ವಾಪಸ್ ತಂದು ನಿಲ್ಲಿಸಿದವನು 'ಗಾಡಿ ಸೂಪರ್' ಎಂದರೆ, ಅದು ಗಾಡಿಯ ಗುಣಕ್ಕಿಂತ ಅವನ ಆಸೆಯ ವರದಿ. ಎಂಜಿನ್ನಿನ ಸದ್ದು, ಬಾಗಿ ಕೂತ ಭಂಗಿ, ಥ್ರಾಟಲ್ ತಿರುವಿದಾಗಿನ ಜಗ್ಗು, ಇವೆಲ್ಲ ಮಾರುವವನ ಕಡೆಯ ವಕೀಲರು.

ಸವಾರಿಯಿಂದ ಏನೂ ತಿಳಿಯುವುದಿಲ್ಲ ಎಂದಲ್ಲ. ಗೇರು ಜಾರಿ ನ್ಯೂಟ್ರಲ್ಲಿಗೆ ಬೀಳುವುದು, ಡಿಸ್ಕ್ ವಕ್ರವಾಗಿದ್ದರೆ ಬ್ರೇಕ್ ಲಿವರ್ ಬೆರಳಿನಡಿ ಮಿಡಿಯುವುದು, ಮೇಲಿನ ಗೇರಿನಲ್ಲಿ ಕ್ಲಚ್ ಸ್ಲಿಪ್ ಆಗಿ ವೇಗ ಏರದೆ ಆರ್‌ಪಿಎಂ ಮಾತ್ರ ಏರುವುದು, ಇವು ಓಡಿಸಿದರೇ ಗೊತ್ತಾಗುವಂಥವು. ಆದರೆ ಬೈಕಿನ ನಡೆ, ತಿರುವು, ಅದುರಾಟ ಎಂದು ಸವಾರ ಕೈಯಲ್ಲಿ, ಸೀಟಿನಲ್ಲಿ ಅನುಭವಿಸುವುದೆಲ್ಲ ಅಂಗೈಯಗಲದ ಎರಡು ತುಂಡು ರಬ್ಬರಿನ ಮೂಲಕವೇ ಬರಬೇಕು. ಆ ರಬ್ಬರು ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯದವನಿಗೆ ಉಳಿದ ಸಂವೇದನೆಗಳ ಅರ್ಥವೂ ತಿಳಿಯದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಬಂದ ರೈತ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಆಮೇಲೆ ನಡೆಸಿ ನೋಡುತ್ತಾನೆ. ನಮ್ಮ ಬೈಕ್ ಪಂಡಿತರು ಈ ಕ್ರಮವನ್ನೇ ತಿರುವುಮುರುವು ಮಾಡಿದ್ದಾರೆ.

ಟೈರಿನ ಹಲ್ಲು ಅದರ ಮಗ್ಗುಲಲ್ಲಿದೆ: ಅಂಡಾಕಾರದ ಚೌಕಟ್ಟಿನೊಳಗಿನ ನಾಲ್ಕು ಅಂಕಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅದು ಒಂದೇ ಮಗ್ಗುಲಲ್ಲಿ ಇರಬಹುದು. ಬೈಕಿನ ಆಚೆ ಬದಿಗೂ ಹೋಗಿ ಬಗ್ಗಬೇಕು. ಒಂದು ಉದಾಹರಣೆ ಕಟ್ಟಿಕೊಳ್ಳೋಣ. 2018ರ ಯಮಹಾ ಆರ್15, ಮೀಟರಿನಲ್ಲಿ 11,000 ಕಿ.ಮೀ. ಮುಂದಿನ ಟೈರಿನಲ್ಲಿ 0518, ಹಿಂದಿನದರಲ್ಲಿ 3622. ಮುಂದಿನದು ಗಾಡಿಯ ಜೊತೆಗೇ ಬಂದದ್ದು. ಗೀರು ಆಳವಾಗಿಯೇ ಕಂಡರೂ ಇಷ್ಟು ವರ್ಷದ ಬಿಸಿಲಿಗೆ ರಬ್ಬರು ಬಿಗಿದಿರುತ್ತದೆ. ಹಿಂದಿನದು 2022ರ ಸೆಪ್ಟೆಂಬರಿನದು, ಅಂದರೆ ಎರಡನೆಯದು. ಅದೂ ಗೀರಿನ ತಳದ ಸವೆತದ ಗುರುತಿನವರೆಗೆ ಸವೆದಿದೆ ಎನ್ನಿ. ಹನ್ನೊಂದೇ ಸಾವಿರಕ್ಕೆ ಎರಡು ಟೈರು ತಿಂದದ್ದು ಹೇಗೆ? ಉತ್ತರವೂ ಟೈರಿನಲ್ಲೇ ಇದೆ. ನಡುಭಾಗ ಚಪ್ಪಟೆಯಾಗಿ ಅಂಚು ಹಾಗೇ ಉಳಿದಿದ್ದರೆ ಅದು ನೇರ ಹೆದ್ದಾರಿಯ ಸವೆತ. ಆಗ ಅನುಮಾನ ಬರಬೇಕಾದದ್ದು ಮೀಟರಿನ ಮೇಲೆ. ಅಂಚು ಸವೆದು ರಬ್ಬರು ಉಂಡೆಯುಂಡೆಯಾಗಿ ಸುರುಳಿ ಕಟ್ಟಿದ್ದರೆ ಗಾಡಿ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಂಥ ಟ್ರ್ಯಾಕಿನ ಬಿಸಿ ಕಂಡಿರಬಹುದು. ಆಗ ಮೀಟರ್ ನಿಜವಿದ್ದರೂ ಎಂಜಿನ್ ಪಟ್ಟ ಪಾಡು ಬೇರೆ. ಇಷ್ಟನ್ನೂ ಕೀಲಿ ತಿರುಗಿಸುವ ಮೊದಲೇ ಓದಬಹುದು.

ಓದದೆ ಹತ್ತಿದವನಿಗೆ ಆಗುವ ಮೋಸವೂ ಸಣ್ಣದಲ್ಲ. ನಡುಭಾಗ ಚಪ್ಪಟೆಯಾದ ಟೈರು ತಿರುವಿನಲ್ಲಿ ಮೊದಲು ಬಾಗಲು ಒಲ್ಲೆ ಎನ್ನುತ್ತದೆ, ಅಂಚು ದಾಟಿದೊಡನೆ ದಡಕ್ಕನೆ ಬೀಳುತ್ತದೆ. ಸವಾರ 'ಚಾಸಿ ಬೆಂಡ್' ಎಂದು ಒಳ್ಳೆಯ ಗಾಡಿಯನ್ನೇ ಬಿಟ್ಟು ಬರಬಹುದು. ಮುಂದಿನ ಟೈರು ಅಲೆಅಲೆಯಾಗಿ ಸವೆದಿದ್ದರೆ ಹ್ಯಾಂಡಲ್ ಗುಂಯ್‌ಗುಡುತ್ತದೆ. ಅವನು ಬೇರಿಂಗನ್ನು ಬೈಯುತ್ತಾನೆ, ಆ ಸವೆತಕ್ಕೆ ಕಾರಣವಾಗಿರಬಹುದಾದ ಸತ್ತ ಫೋರ್ಕ್ ಮಾತ್ರ ಪಾರಾಗುತ್ತದೆ. ಗಾಳಿ ಕಡಿಮೆಯಿದ್ದರಂತೂ ಸ್ಟೀರಿಂಗ್ ತಾನಾಗಿಯೇ ಭಾರ.

ಇಷ್ಟಾದರೂ 'ಟೈರೇನು ಮಹಾ, ಹಾಕಿಸಿದರಾಯಿತು' ಎನ್ನುವ ಮೆಕ್ಯಾನಿಕ್ ವೇದಾಂತ ಒಂದಿದೆ. ಟೈರನ್ನು ಬರೀ ಖರ್ಚಿನ ಬಾಬ್ತು ಎಂದು ನೋಡಿದರೆ ಅದು ಸರಿ. ಅದನ್ನೇ ಸಾಕ್ಷಿ ಎಂದು ನೋಡಿದರೆ, ಸಾಕ್ಷಿಯನ್ನು ಎಸೆದು ತೀರ್ಪು ಬರೆಯುವ ಸಲಹೆ. ಇನ್ನೊಂದು ಬಣ ಗೀರಿನ ಆಳ ಅಳೆದು ತೃಪ್ತಿಪಡುವವರದು. ಕಾನೂನು ದ್ವಿಚಕ್ರ ವಾಹನಕ್ಕೆ ಕೇಳುವುದು 0.8 ಮಿ.ಮೀ.; ಅದು ರಸ್ತೆಗಿಳಿಯಲು ಬೇಕಾದ ಕನಿಷ್ಠ, ರಬ್ಬರಿನ ವಯಸ್ಸನ್ನಾಗಲಿ ಹಿಂದಿನ ಸವಾರನ ಚಾಳಿಯನ್ನಾಗಲಿ ಅದು ಹೇಳದು. ಮೂರನೆಯ ಬಣ ಎಲ್ಲಕ್ಕಿಂತ ಗದ್ದಲದ್ದು: ಅಂಚಿನಲ್ಲಿ ಸವೆಯದೆ ಉಳಿದ 'ಚಿಕನ್ ಸ್ಟ್ರಿಪ್' ನೋಡಿ ಮಾಲೀಕನ ಗಂಡಸ್ತನಕ್ಕೆ ಅಂಕ ಕೊಡುವ ವ್ಲಾಗರುಗಳು. ಕೊಳ್ಳುವವನಿಗೆ ಆ ಹೇಡಿಯ ಪಟ್ಟಿ ಶುಭ ಶಕುನವೇ. ಬಾಗಲು ಹೆದರಿದವನ ಗಾಡಿ ತಿರುವಿನಲ್ಲಿ ಬಿದ್ದಿರುವ ಸಂಭವ ಕಡಿಮೆ. ಅಪಹಾಸ್ಯಕ್ಕೆಂದು ಹುಟ್ಟಿದ ಪದ ಇಲ್ಲಿ ಒಳ್ಳೆಯ ನಡತೆಯ ಪ್ರಮಾಣಪತ್ರವಾಗುತ್ತದೆ. ಗಲಾಟೆಯಲ್ಲಿ ಅದನ್ನು ಯಾರೂ ಓದುತ್ತಿಲ್ಲ.

ಟೈರೂ ಸುಳ್ಳು ಹೇಳಬಹುದಲ್ಲ, ಮಾರುವ ಮುನ್ನ ಬದಲಿಸಿದರೆ ಮುಗಿಯಿತಲ್ಲ ಎಂಬ ಆಕ್ಷೇಪ ಮಾತ್ರ ತೂಕದ್ದು. ನಿಜ, ಹೊಸ ಟೈರು ಹಳೆಯ ಕಥೆಯನ್ನು ಅಳಿಸುತ್ತದೆ, ಟೆಸ್ಟ್ ರೈಡನ್ನೂ ಬೆಣ್ಣೆಯಂತೆ ಮಾಡುತ್ತದೆ. ಆದರೆ ಅಳಿಸಿದ ಗುರುತನ್ನು ಆ ನಾಲ್ಕು ಅಂಕಿ ಮುಚ್ಚಿಡುವುದಿಲ್ಲ. 'ಎರಡೂ ಟೈರ್ ಹೊಸದು ಸಾರ್' ಎಂಬುದನ್ನು ಜಾಹೀರಾತಿನ ಮೊದಲ ಸಾಲಿನಲ್ಲೇ ಮೆರೆಸುವವನಿಗೆ ಕೇಳಬೇಕಾದ ಪ್ರಶ್ನೆ, ಕೀಲಿ ಇಸಿದುಕೊಳ್ಳುವ ಮೊದಲು, ಒಂದೇ: ಹಳೆಯವು ಎಲ್ಲಿ?