ಭಾಷ್ಯದ ಬೆಲೆ

ಕೆಂಪಾಪುರದ ಬಾಡಿಗೆ ಕೋಣೆಗಳಲ್ಲಿ ಕಾನೂನು ಓದೋ ನಮ್ಮ ಹುಡುಗರಿಗೆ ಸಂವಿಧಾನದ ಮೇಲಿನ ಒಂದು ದಪ್ಪ ಪುಸ್ತಕ ಅಂದರೆ ಅಪ್ಪನ ಎಷ್ಟೋ ದಿನದ ಕೂಲಿ. ಅಸ್ಪೃಶ್ಯತೆಯನ್ನು ರದ್ದುಮಾಡಿದ 17ನೇ ವಿಧಿ ಅದರೊಳಗೆ ಎರಡೇ ವಾಕ್ಯ. ಆ ವಿಧಿ ಪುಕ್ಕಟೆ ಸಿಗುತ್ತೆ. ಪರೀಕ್ಷೆ ಕೇಳೋದು ಸುತ್ತಲಿನ ವ್ಯಾಖ್ಯಾನವನ್ನ. ಬೆಲೆ ಅದಕ್ಕೆ, ಅದೂ ಇಂಗ್ಲಿಷಿನಲ್ಲಿ. ಭಾಷ್ಯಕಾರರ ಈ ವ್ಯಾಪಾರ ನಮಗೇನು ಹೊಸದಲ್ಲ.

ಆಕ್ಸ್‌ಫರ್ಡ್, ಕೇಂಬ್ರಿಜ್ ಪ್ರಕಾಶಕರು ಒಂದು ಜೆರಾಕ್ಸ್ ಅಂಗಡಿಯನ್ನು ಕೋರ್ಟಿಗೆಳೆದಾಗ, ಪಾಠಕ್ಕೆ ಬೇಕಾದ ಪುಟಗಳ ಪ್ರತಿ ತೆಗೆಯೋದು ತಪ್ಪಲ್ಲ ಎಂದು ದೆಹಲಿ ಹೈಕೋರ್ಟು 2016ರಲ್ಲಿ ಹೇಳಿತು. ಜೆರಾಕ್ಸಿಗೇ ನಿಲ್ಲಬೇಕಾ ನಾವು? ಸ್ವಂತ ವ್ಯಾಖ್ಯಾನ ಸೇರಿಸಿ ಯಾವ ಕಾಯ್ದೆಯನ್ನಾದರೂ ಯಾರಾದರೂ ಅಚ್ಚು ಹಾಕಲು 1957ರ ಕೃತಿಸ್ವಾಮ್ಯ ಕಾಯ್ದೆಯೇ ಬಿಟ್ಟಿದೆ. ಕರೀಕೋಟು ತೊಟ್ಟವರು ನಮ್ಮಲ್ಲೂ ಈಗ ಬೇಕಾದಷ್ಟಿದ್ದಾರೆ. ಕನ್ನಡದಲ್ಲಿ ಬರೆದುಕೊಡ್ಲಿ.