ಬೋರ್ಡಿನ ಹಿಂದಿನ ಖಾಲಿ ಮಹಡಿಗಳು

ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಯಾವ ಫಲಕ ಇಳಿಯಿತು, ಯಾವ ಕಟ್ಟಡಕ್ಕೆ ಹೊಸ ಎಲ್‌ಇಡಿ ಪರದೆ ಬಂತು, ಅದರ ಎತ್ತರ ಎಷ್ಟು ಎಂದು ಲೆಕ್ಕ ಇಡುವ ಉತ್ಸಾಹಿಗಳಿದ್ದಾರೆ. ಹಳೆಯ ಫೋಟೊ, ಹೊಸ ಫೋಟೊ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಅಷ್ಟು ಬೇಗ ಮುಖ ಬದಲಿಸುವ ಚೌಕಕ್ಕೆ ಯಾರಾದರೂ ದಿನಚರಿ ಬರೆಯಲೇಬೇಕು. ಆದರೆ ಅವರ ಪಟ್ಟಿಯಲ್ಲಿ ಒಂದು ಕಾಲಂ ಇರುವುದಿಲ್ಲ. ಈ ಫಲಕದ ಹಿಂದೆ ಏನಿದೆ?

ಆ ಪ್ರಶ್ನೆಯನ್ನು 'ಒನ್ ಟೈಮ್ಸ್ ಸ್ಕ್ವೇರ್' ಕಟ್ಟಡಕ್ಕೆ ಕೇಳಿ ನೋಡೋಣ. ಚೌಕಕ್ಕೆ ಹೆಸರು ಕೊಟ್ಟ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ಕಚೇರಿಗೆಂದು 1904ರಲ್ಲಿ ಕಟ್ಟಿಸಿದ ಗೋಪುರ ಇದು. ಹೊಸ ವರ್ಷದ ರಾತ್ರಿ ದೀಪದ ಗೋಳ ಇಳಿಸುವ ಪದ್ಧತಿ 1907ರಲ್ಲಿ ಇಲ್ಲಿಯೇ ಶುರುವಾಯಿತು. 1928ರಲ್ಲಿ ಗೋಡೆಯ ಸುತ್ತ ಬಲ್ಬುಗಳ ಅಕ್ಷರಗಳಲ್ಲಿ ಸುದ್ದಿ ಓಡತೊಡಗಿತು. ಆಗ ಗೋಡೆ ಮಾತಾಡುತ್ತಿದ್ದದ್ದು ಸುದ್ದಿಮನೆಯ ಪರವಾಗಿ. 1961ರಲ್ಲಿ ಕಟ್ಟಡವನ್ನು ಕೊಂಡವನು ಡಗ್ಲಸ್ ಲೀ, ಜಾಹೀರಾತು ಫಲಕಗಳ ವಿನ್ಯಾಸಕಾರ. ಅದೇ ದಶಕದಲ್ಲಿ ಮುಂದಿನ ಮಾಲೀಕರು ಹಳೆಯ ಕಲ್ಲುಕೆತ್ತನೆಯನ್ನೆಲ್ಲ ಕಿತ್ತು ಅಮೃತಶಿಲೆ ಹೊದಿಸಿದರು. 1995ರಲ್ಲಿ ಲೇಮನ್ ಬ್ರದರ್ಸ್ ಅದನ್ನು 2.75 ಕೋಟಿ ಡಾಲರಿಗೆ ಕೊಂಡಿತು. ಇಕ್ಕಟ್ಟಾದ ಮಹಡಿಗಳನ್ನು ಬಾಡಿಗೆಗೆ ಕೊಡುವುದಕ್ಕಿಂತ ಹೊರಗೋಡೆಯನ್ನು ಬಾಡಿಗೆಗೆ ಕೊಡುವುದೇ ಲಾಭವೆಂದು ಲೆಕ್ಕ ಹಾಕಿತು. ಎರಡೇ ವರ್ಷದಲ್ಲಿ ಕಟ್ಟಡ 11.7 ಕೋಟಿಗೆ ಮಾರಾಟವಾಯಿತು. ಜಗತ್ತಿನಲ್ಲಿ ಅತಿ ಹೆಚ್ಚು ಜನ ಕಣ್ಣೆತ್ತಿ ನೋಡುವ ಗೋಪುರಗಳಲ್ಲಿ ಒಂದು, ಒಳಗೆ ಬಹುಪಾಲು ಖಾಲಿಯಾಗಿ ವರ್ಷಗಟ್ಟಲೆ ನಿಂತಿತ್ತು.

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವ ಹಾಗಿಲ್ಲ. 1941ರಿಂದ 1966ರವರೆಗೆ ಅಲ್ಲಿ ಆವಿಯ ಉಂಗುರಗಳನ್ನು ಬಿಡುತ್ತಿದ್ದ, ಇದೇ ಲೀ ರೂಪಿಸಿದ, ಪ್ರಸಿದ್ಧ ಫಲಕವೂ ಸಿಗರೇಟು ಮಾರಲು ಬಂದದ್ದೇ. ಬೆಳಕು ಅಲ್ಲಿ ಯಾವತ್ತೂ ವ್ಯಾಪಾರವೇ. 1980ರ ದಶಕದಲ್ಲಿ ಗಾಜಿನ ಕಚೇರಿ ಗೋಪುರಗಳು ಬಂದು ಚೌಕ ಕತ್ತಲಾಗುತ್ತದೆ ಎಂದು ನಗರಪ್ರೇಮಿಗಳು ಹೋರಾಡಿದರು. ಅದರ ಫಲವಾಗಿ 1987ರಲ್ಲಿ ಒಂದು ನಿಯಮ ಬಂತು: ಇಲ್ಲಿ ಹೊಸ ಕಟ್ಟಡ ಕಟ್ಟುವವರು ಹೊಳೆಯುವ ಫಲಕ ಹಾಕಲೇಬೇಕು. ಹೊಳಪು ಎಷ್ಟಿರಬೇಕೆಂದು ಅಳೆಯಲು ಟೈಮ್ಸ್ ಸ್ಕ್ವೇರ್ ಹೆಸರಿನದೇ ಒಂದು ಮಾನವನ್ನೂ ಹುಟ್ಟುಹಾಕಿದರು. ಸಂಸ್ಕೃತಿಯನ್ನು ಕಾಪಾಡಲು ಬಂದ ನಿಯಮ ಬೆಳಕನ್ನೇನೋ ಉಳಿಸಿತು. ಆ ಬೆಳಕಿನ ಹಿಂದೆ ಮನುಷ್ಯರು ಇರಬೇಕು ಎಂದು ಅದು ಹೇಳಲಿಲ್ಲ.

ಮುಂಬೈಯಲ್ಲಿರುವ ನಮಗೆ ಫಲಕ, ನಿಯಮ ಎಂದೊಡನೆ ನೆನಪಾಗುವುದು ಘಾಟ್ಕೋಪರ್. 2024ರ ಮೇ 13ರ ಗಾಳಿಮಳೆಯಲ್ಲಿ ಪೆಟ್ರೋಲ್ ಪಂಪಿನ ಮೇಲೆ ಹೋರ್ಡಿಂಗ್ ಕುಸಿದು 17 ಜನ ಸತ್ತರು. ಮಿತಿ ಇದ್ದದ್ದು ಉದ್ದಗಲ 40 ಅಡಿ. ನಿಂತಿದ್ದದ್ದು 120 ಅಡಿ. ಅಲ್ಲಿ ಫಲಕ ಇಲ್ಲದಿದ್ದರೆ ತಪ್ಪು, ಇಲ್ಲಿ ಅಳತೆ ಮೀರಿದರೆ ತಪ್ಪು. ಎರಡು ಊರಿನ ಕಾನೂನು ಬೇರೆ, ಆಸೆ ಒಂದೇ: ನೆಲದ ಮೇಲೆ ಬದುಕುವವರಿಗಿಂತ ದಾರಿಹೋಕರ ಕಣ್ಣಿಗೆ ಹೆಚ್ಚು ಬೆಲೆ.

ಟೈಮ್ಸ್ ಸ್ಕ್ವೇರಿನಲ್ಲೇ ಐದು ಬೀದಿ ಆಚೆ ಇದಕ್ಕೆ ವಿರುದ್ಧವಾದ ಉದಾಹರಣೆಯೊಂದಿದೆ. 1913ರಲ್ಲಿ ತೆರೆದ ಪ್ಯಾಲೆಸ್ ಥಿಯೇಟರಿನ ಒಳಾಂಗಣ ಸಂರಕ್ಷಿತ ಸ್ಮಾರಕ, ಅದನ್ನು ಕೆಡವುವಂತಿಲ್ಲ. ಆದ್ದರಿಂದ ಹೊಸ ಗೋಪುರ ಕಟ್ಟುವವರು ಸುಮಾರು 7,000 ಟನ್ ತೂಕದ ಇಡೀ ರಂಗಮಂದಿರವನ್ನು ಜಾಕ್ ಕೊಟ್ಟು 30 ಅಡಿ ಮೇಲೆತ್ತಿದರು. 2022ರಲ್ಲಿ ಆ ಕೆಲಸ ಮುಗಿಯಿತು. ಕೆಳಗೆ ಅಂಗಡಿಗಳಿಗೆ ಜಾಗವಾಯಿತು, ಹೊರಗೆ ಭಾರಿ ಪರದೆ ಬಂತು. ನಾಟಕ ಮಹಡಿ ಹತ್ತಬೇಕಾಯಿತು, ಆದರೂ ಉಳಿಯಿತು. ಇದರಲ್ಲಿ ಕಟ್ಟುವವರ ಔದಾರ್ಯವೇನೂ ಇಲ್ಲ. ಕಾನೂನು ಇಲ್ಲಿ ಬೆಳಕನ್ನಷ್ಟೇ ಅಲ್ಲದೆ ಒಳಗನ್ನೂ ಹೆಸರಿಸಿತ್ತು, ಅಷ್ಟೆ.

ಒನ್ ಟೈಮ್ಸ್ ಸ್ಕ್ವೇರಿಗೂ 2022ರಲ್ಲಿ 50 ಕೋಟಿ ಡಾಲರಿನ ದುರಸ್ತಿ ಶುರುವಾಯಿತು. ಒಳಗೆ ಸಂಗ್ರಹಾಲಯ, ಮೇಲೆ ಊರು ನೋಡುವ ಅಟ್ಟ ಎಂಬುದು ಯೋಜನೆ. ಖಾಲಿ ಮಹಡಿಗೆ ಜನ ಬರುವುದು ಒಳ್ಳೆಯದೇ. ಆದರೆ ಅವರು ಬರುವುದೂ ನೋಡಲು. ಸುದ್ದಿ ಬರೆಯಲು ಕಟ್ಟಿದ ಮನೆ ಈಗ ತನ್ನ ಹಳೆಯ ನೆನಪನ್ನೇ ಟಿಕೆಟ್ ಹಚ್ಚಿ ತೋರಿಸುತ್ತದೆ. ಉತ್ಸಾಹಿಗಳು ಹೊಸ ಪರದೆಯ ಅಳತೆ ಬರೆದುಕೊಳ್ಳಲಿ. ಪಕ್ಕದಲ್ಲೇ ಇನ್ನೊಂದನ್ನೂ ಬರೆಯಲಿ: ಈ ಗೋಡೆಯ ಹಿಂದೆ ಇವತ್ತು ಎಷ್ಟು ಜನ ಕೆಲಸ ಮಾಡುತ್ತಾರೆ, ಎಷ್ಟು ಜನ ನಾಟಕ ಕಟ್ಟುತ್ತಾರೆ. ಹತ್ತು ವರ್ಷ ಬಿಟ್ಟು ಓದುವವರಿಗೆ ನಗರದ ಕಥೆ ಸಿಗುವುದು ಆ ಎರಡನೆಯ ಕಾಲಂನಲ್ಲಿ.